ಹಾಲು ಬಂದಿತ್ತೇ ಎಂದು ಕೇಳಿದವರಿಗೆ

ಈ ತಿಂಗಳಿಗೆ ನನ್ನ ಚಿಕಿತ್ಸೆ ಆರಂಭವಾಗಿ ಒಂದು ವರ್ಷ ತುಂಬಿತು. ಗದಗ-ಬೆಟಗೇರಿಯಲ್ಲಿ ನನ್ನನ್ನು ಬಲ್ಲವರೆಲ್ಲ ಹೇಗಿದ್ದೀರಿ ಎಂದು ವಿಚಾರಿಸುತ್ತಲೇ ಇರುವುದರಿಂದ, ಎಲ್ಲರಿಗೂ ಉತ್ತರಿಸಿ, ಋಣ ಉಳಿದವರನ್ನು ನೆನೆಯಲೆಂದು ಇದನ್ನು ಬರೆಯುತ್ತಿದ್ದೇನೆ.

ಮಗಳು ಹುಟ್ಟಿದಂದಿನಿಂದ ಹದಿನಾಲ್ಕು ವರ್ಷ ನನಗೆ ಹಸಿವೆಂಬುದೇ ಇರಲಿಲ್ಲ. ಒಂದು ಜೋಳದ ರೊಟ್ಟಿ ಮುಗಿಸುವುದೂ ಕಷ್ಟವಾಗಿತ್ತು. ಕಡುಬೇಸಿಗೆಯಲ್ಲೂ ಚಳಿ, ತರಗತಿಯಲ್ಲಿ ನಿಂತು ಪಾಠ ಮಾಡಲಾಗದಷ್ಟು ಸುಸ್ತು. ಮುಟ್ಟು ಮರಳಿ ಬರಲೇ ಇಲ್ಲ. ಕೊನೆಯ ಎರಡು ವರ್ಷಗಳಲ್ಲಂತೂ ಬೆಳಗಿನ ಜಾವ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲುತ್ತಿತ್ತು. ಪತಿ ಬೆಲ್ಲದ ನೀರು ಕುಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಎದ್ದು ಕೂರುತ್ತಿದ್ದೆ. ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಅದರ ಮಾತ್ರೆಯನ್ನು ಎಂದೂ ನುಂಗಿದವಳಲ್ಲ. ರಕ್ತ ಕಡಿಮೆ ಎಂದರು, ಪಿತ್ತ ಎಂದರು, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದರು. ಒಂದು ಕಡೆ ಥೈರಾಯ್ಡ್ ಕಡಿಮೆಯಿದೆಯೆಂದು ಅದರ ಮಾತ್ರೆಯೊಂದನ್ನೇ ಕೊಟ್ಟರು. ಮೂರು ವಾರಗಳಲ್ಲಿ ವಾಂತಿಯಾಗಿ ನೆಲ ಹಿಡಿದೆ.

ಆ ರಾತ್ರಿ ನನ್ನನ್ನು ವಾಹನದಲ್ಲಿ ಮಲಗಿಸಿ, ಅಣ್ಣಿಗೇರಿಯ ಮೇಲೆ ಹುಬ್ಬಳ್ಳಿಗೆ ಕರೆದೊಯ್ದ ಸಹೋದ್ಯೋಗಿ ದಂಪತಿಗೆ ನನ್ನ ಮೊದಲ ನಮಸ್ಕಾರ. ಆಸ್ಪತ್ರೆ ಸೇರಿದಾಗ ರಕ್ತದ ಸಕ್ಕರೆ 42, ಸೋಡಿಯಂ (ರಕ್ತದ ಉಪ್ಪಿನಂಶ) 118 ಇತ್ತು, ಎರಡೂ ಅಪಾಯದಷ್ಟು ಕಡಿಮೆ. ಎಲ್ಲರೂ ಸಲೈನ್‌ನ ಧಾವಂತದಲ್ಲಿದ್ದಾಗ ಒಬ್ಬ ಯುವ ವೈದ್ಯೆ ನನ್ನ ಅತ್ತೆಯ ಪಕ್ಕ ಕುಳಿತು, "ಬಾಣಂತನದಲ್ಲಿ ಇವರಿಗೆ ಎದೆಹಾಲು ಬಂದಿತ್ತೇ?" ಎಂದು ಕೇಳಿದರು. ಒಂದು ಹನಿಯೂ ಬರಲಿಲ್ಲ, ಹೆರಿಗೆಯ ದಿನ ರಕ್ತ ನಿಲ್ಲದೆ ಜೀವ ಹೋಗಿ ಬಂದಿತ್ತು ಎಂದು ಅತ್ತೆ ಹೇಳಿದರು. ಹದಿನಾಲ್ಕು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವರಿಗೂ ನನಗೂ ಯಾರೂ ಕೇಳಿರಲಿಲ್ಲ.

ಕಾಯಿಲೆಯ ಹೆಸರು ಶೀಹನ್ ಸಿಂಡ್ರೋಮ್. 1937ರಲ್ಲಿ ಇದನ್ನು ವಿವರಿಸಿದ ಬ್ರಿಟನ್ನಿನ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ ಅವರ ಹೆಸರು ಅದು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಬಸಿರಿನಲ್ಲಿ ದೊಡ್ಡದಾಗುತ್ತದೆ, ಅದಕ್ಕೆ ಬೇಕಾಗುವ ರಕ್ತವೂ ಹೆಚ್ಚುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ರಕ್ತದೊತ್ತಡ ಕುಸಿದರೆ ಆ ಗ್ರಂಥಿಯೇ ಒಣಗಿಹೋಗಬಹುದು. ಹಾಲು, ಮುಟ್ಟು, ಥೈರಾಯ್ಡ್, ಕಾಯಿಲೆ-ಉಪವಾಸಗಳಲ್ಲಿ ಮೈಯನ್ನು ಕಾಯುವ ಕಾರ್ಟಿಸಾಲ್ ಎಂಬ ಹಾರ್ಮೋನು, ಎಲ್ಲಕ್ಕೂ ಆಜ್ಞೆ ಅಲ್ಲಿಂದಲೇ ಹೊರಡಬೇಕು. ಕಾರ್ಟಿಸಾಲ್ ಇಲ್ಲದಿದ್ದರೆ ಹಸಿವು ಸಾಯುತ್ತದೆ, ರಾತ್ರಿಯ ಉಪವಾಸದಲ್ಲಿ ಯಕೃತ್ತು ಬೇಕಾದಷ್ಟು ಸಕ್ಕರೆಯನ್ನು ರಕ್ತಕ್ಕೆ ಒದಗಿಸಲಾರದು. ನನ್ನ ಬೆಳಗಿನ ಜಾವದ ಬೆವರಿಗೆ ಇದೇ ಕಾರಣ. ಥೈರಾಯ್ಡಿಗೆ ಆಜ್ಞೆ ಒಯ್ಯುವ ಟಿಎಸ್‌ಎಚ್ ಎಂಬ ಹಾರ್ಮೋನು ಕೂಡ ಪಿಟ್ಯುಟರಿಯದೇ ಆದ್ದರಿಂದ, ಅದೊಂದನ್ನೇ ಪರೀಕ್ಷಿಸಿದವರಿಗೆ ವರ್ಷಗಟ್ಟಲೆ ಎಲ್ಲ ಸರಿಯಿದ್ದಂತೆಯೇ ಕಂಡಿತ್ತು. ಕಾರ್ಟಿಸಾಲ್ ಕೊರತೆಯನ್ನು ಮೊದಲು ತುಂಬದೆ ಥೈರಾಯ್ಡ್ ಮಾತ್ರೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರವೆಂಬುದನ್ನು ನಾನು ಅನುಭವಿಸಿಯೇ ತಿಳಿದೆ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ, ಹಾಲು ಬಾರದೆ, ಮುಟ್ಟು ನಿಂತು, ಸದಾ ಸುಸ್ತಾಗಿರುವ ಹೆಣ್ಣುಮಗಳು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಈ ಸಂಗತಿಗಳನ್ನು ವೈದ್ಯರಿಗೆ ಒಟ್ಟಿಗೇ ಹೇಳಿರಿ.

ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ಪರೀಕ್ಷೆ, ಎಂಆರ್‌ಐ ಎಲ್ಲ ಮುಗಿಯುವವರೆಗೂ ಕಾಯದೆ, ಕಾರ್ಟಿಸಾಲ್ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಔಷಧವನ್ನು ಆರಂಭಿಸಿದ ಆ ವೈದ್ಯೆಗೆ ಯಾವ ಮಾತಿನಲ್ಲಿ ವಂದಿಸಲಿ? ಎರಡನೆಯ ದಿನ ಸಂಜೆ ನಾನಾಗಿಯೇ ಅನ್ನ ಕೇಳಿದೆನಂತೆ. ಅತ್ತೆ ಗೋಡೆಗೆ ಮುಖ ಮಾಡಿ ಅತ್ತರಂತೆ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಮಾತ್ರೆ ಇಮ್ಮಡಿ ಮಾಡಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದರದೇ 100 ಮಿಲಿಗ್ರಾಂ ಇಂಜೆಕ್ಷನ್ ತಕ್ಷಣ ಬೇಕು ಎಂದು ನನ್ನ ಪತಿಗೆ ತಾಳ್ಮೆಯಿಂದ ಕಲಿಸಿದ ಶುಶ್ರೂಷಕಿಗೆ, ನನ್ನ ಮಾತ್ರೆ ಎಂದೂ ತಪ್ಪದಂತೆ ತರಿಸಿಡುವ ಬೆಟಗೇರಿಯ ಔಷಧ ಅಂಗಡಿಯವರಿಗೆ ನಾನು ಋಣಿ. ಹೆರಿಗೆಯ ದಿನ ನನ್ನೊಳಗೆ ಹರಿದ ನಾಲ್ಕು ಬಾಟಲಿ ರಕ್ತ ಯಾರದೆಂದು ನನಗೆ ತಿಳಿಯದು. ಅವರು ಎಲ್ಲಿದ್ದರೂ ಚೆನ್ನಾಗಿರಲಿ.

ಇನ್ನೊಬ್ಬರಿದ್ದಾರೆ. ನನಗೆ ಹಾಲಿಲ್ಲದಾಗ ತಮ್ಮ ಕೂಸಿನ ಜೊತೆಗೆ ನನ್ನ ಮಗಳಿಗೂ ತಿಂಗಳುಗಟ್ಟಲೆ ಎದೆಹಾಲು ಕೊಟ್ಟ ಪಕ್ಕದ ಮನೆಯ ಅಕ್ಕ. ತಾಯಿಯಾಗಿ ಸೋತೆನೆಂಬ ನಾಚಿಕೆಯಲ್ಲಿ ಅಂದು ನಾನು ಅವರ ಮುಖ ನೋಡಿ ಮಾತನಾಡಿರಲಿಲ್ಲ, ಆಮೇಲೂ ತಪ್ಪಿಸಿಕೊಂಡೇ ಓಡಾಡಿದೆ. ಈಗ ಅವರು ಮುಂಡರಗಿಯಲ್ಲಿದ್ದಾರೆ. ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ, ಅಂದು ಹಾಲು ಏಕೆ ಬರಲಿಲ್ಲವೆಂಬುದನ್ನು ಅವರಿಗೆ ಹೇಳಿದೆ. ಅವರು ಮಗಳ ತಲೆ ಸವರಿ ನಮ್ಮಿಬ್ಬರನ್ನೂ ಊಟಕ್ಕೆ ಕೂರಿಸಿದರು. ಎಣ್ಣೆಗಾಯಿಯೊಂದಿಗೆ ಎರಡು ರೊಟ್ಟಿ ತಿಂದು, ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.