ಮಗಳಿಗೊಂದು ಪತ್ರ: ಆತೆನ ನೋಡ್ಕೊಂಡು ಬಂದೆ

ಪುಟ್ಟಿ,

ನಿನ್ನೆ ಆತೆನ (ಅಕ್ಕನಿಗೆ ಫಿಲಿಪಿನೋದವರು ಕರೆಯೋ ಹಾಗೆ ನಾವೂ ಕರೆಯೋ ನಮ್ಮ ಆತೆ) ನೋಡೋಕೆ, ವೀಸಾ ಇಲ್ಲದವರನ್ನ ಇಡೋ ಡಿಟೆನ್ಶನ್ ಸೆಂಟರಿಗೆ ಹೋಗಿದ್ದೆ. ಫೋನಲ್ಲಿ ಹೇಳೋಣ ಅಂದ್ರೆ ಗಂಟಲು ಕಟ್ಟುತ್ತೆ, ಅದಕ್ಕೆ ಬರೀತಿದೀನಿ.

ಹತ್ತು ವರ್ಷದಿಂದ ಅವಳು ಕರಿಹೊಮೆನ್ ಮೇಲೆ ಇದ್ಳು, ಅಂದ್ರೆ ಒಳಗೆ ಹಾಕದೆ ಹೊರಗಿರೋಕೆ ಬಿಟ್ಟಿದಾರೆ ಅಷ್ಟೇ, ಕೆಲಸ ಮಾಡೋ ಹಾಗಿಲ್ಲ, ಹೆಲ್ತ್ ಇನ್ಶೂರೆನ್ಸ್ ಇಲ್ಲ, ಟೋಕಿಯೋ ದಾಟಬೇಕು ಅಂದ್ರೆ ಪರ್ಮಿಶನ್ ಬೇಕು. ನಿನ್ನ ಬರ್ತ್‌ಡೇಗೆ ಡಿಸ್ನಿಲ್ಯಾಂಡಿಗೆ ಬಾ ಅಂದಾಗ ಬರಲಿಲ್ವಲ್ಲ, ನಾನು ದುಡ್ಡಿಗೆ ಹಿಂಜರೀತಿದಾಳೆ ಅನ್ಕೊಂಡೆ. ಟೋಕಿಯೋದೊಳಗಿನ ನಿಶಿಕಸಾಯಿಯಿಂದ ಎಷ್ಟು ದೂರ ಹೇಳು, ಆದ್ರೆ ಅದು ಪಕ್ಕದ ಚಿಬಾ ಪ್ರಾಂತ್ಯ, ಅವಳಿಗೆ ಅದು ಗಡಿ ಆಚೆ. ಹೋದ ತಿಂಗಳು ಎಂದಿನಂತೆ ಇಮಿಗ್ರೇಶನ್ ಆಫೀಸಲ್ಲಿ ಹಾಜರಿ ಹಾಕೋಕೆ ಹೋದವಳನ್ನ ಅಲ್ಲೇ ಇಟ್ಕೊಂಡ್ರು.

ಫೋನ್, ಬ್ಯಾಗ್ ಎಲ್ಲ ಲಾಕರಿಗೆ ಹಾಕಿಸಿದ್ರು. ಸಣ್ಣ ರೂಮು, ಮಧ್ಯೆ ದಪ್ಪ ಅಕ್ರಿಲಿಕ್ ಗೋಡೆ, ಕೈ ಹಿಡಿಯೋಕೂ ಆಗಲ್ಲ. ತುಂಬಾ ಇಳಿದು ಹೋಗಿದಾಳೆ ಪುಟ್ಟಿ. ಮೊದಲು ಕೇಳಿದ್ದು ನಿನ್ನ ಬಗ್ಗೆ, ಮೈಸೂರು ಹಾಸ್ಟೆಲ್ ಊಟ ಸೇರುತ್ತಾ ಅಂತ. ಆಮೇಲೆ ಮಗನ ಬಗ್ಗೆ.

ಅವನು ಇಲ್ಲೇ ಹುಟ್ಟಿದ್ರೂ ಅಪ್ಪ ಅಮ್ಮ ಇಬ್ರೂ ಫಿಲಿಪಿನೋ ಆಗಿರೋದ್ರಿಂದ ಜಪಾನಿ ಅಲ್ಲ, ಇಲ್ಲಿ ಪೌರತ್ವ ರಕ್ತದಿಂದ ಬರೋದು. ಆರನೇ ಕ್ಲಾಸು, ಫಿಲಿಪೀನ್ಸಿನ ಭಾಷೆ ತಗಾಲೊಗ್ ಓದೋಕೆ ಬರಲ್ಲ. 2023ರ ಆಗಸ್ಟಲ್ಲಿ, ಇಲ್ಲೇ ಹುಟ್ಟಿ ಸ್ಕೂಲಿಗೆ ಹೋಗ್ತಿರೋ ಮಕ್ಕಳಿಗೆ ಮನೆಯವರ ಜೊತೆ ಇರೋಕೆ ಸ್ಪೆಷಲ್ ಪರ್ಮಿಶನ್ ಕೊಡ್ತೀವಿ ಅಂತ ಸರ್ಕಾರ ಹೇಳಿದಾಗ ನಾವೆಲ್ಲ ಎಷ್ಟು ಖುಷಿ ಪಟ್ಟಿದ್ವಿ, ಆದ್ರೆ ತಂದೆತಾಯಿ ಸುಳ್ಳು ಪಾಸ್‌ಪೋರ್ಟಲ್ಲಿ ಬಂದಿದ್ರೆ ಅದು ಅಡ್ಡ ಬರುತ್ತಂತೆ, ಇವಳು ಬಂದಿದ್ದು ಬೇರೆಯವರ ಹೆಸರಲ್ಲೇ. ತಪ್ಪು, ಅವಳೂ ಒಪ್ತಾಳೆ. ಆದ್ರೆ ಇಪ್ಪತ್ತು ವರ್ಷದ ಹಿಂದಿನ ತಪ್ಪಿಗೆ ಆ ಹುಡುಗ ಯಾಕೆ ಅಮ್ಮನ್ನ ಬಿಡಬೇಕು? 2009ರಲ್ಲೂ ಒಂದು ಫಿಲಿಪಿನೋ ಕುಟುಂಬಕ್ಕೆ ಹೀಗೇ ಆಗಿತ್ತು, ಅಪ್ಪ ಅಮ್ಮನ್ನ ವಾಪಸ್ ಕಳಿಸಿ, ಜಪಾನಲ್ಲಿ ಹುಟ್ಟಿದ 13 ವರ್ಷದ ಮಗಳಿಗೆ ಮಾತ್ರ ಇರೋಕೆ ಬಿಟ್ರು. ಅವನೊಬ್ಬನಿಗೆ ಕೊಟ್ರೆ ನಾನು ಹೋಗ್ತೀನಿ ಅಂದ್ಳು ಆತೆ, ಅಳದೇ ಅಂದ್ಳು, ನನಗೇ ತಡೀಲಿಲ್ಲ. ಅಷ್ಟೊತ್ತಿಗೆ ಟೈಮ್ ಆಯ್ತು ಅಂದ್ರು.

ಲಾಯರ್ ಇನ್ನೊಮ್ಮೆ ಅರ್ಜಿ ಹಾಕ್ತಿದಾರೆ, ಅದರ ಜೊತೆ ಗೊತ್ತಿರೋರಿಂದ ತಂಗನ್ಶೊ ಅಂದ್ರೆ ಮನವಿ ಪತ್ರ ಬೇಕಂತೆ. ಟೀಚರ್ ಬರೆದಿದಾರೆ, ಚರ್ಚಿನವರು ಬರೆದಿದಾರೆ, ನಾನೂ ಬರೆದೆ, ಆದ್ರೆ ನನ್ನ ಜಪಾನೀಸ್ ನಿಂಗೆ ಗೊತ್ತಲ್ಲ. ನೀನು ಬರಿ, ಕೈಯಲ್ಲೇ ಬರಿ. ದೊಡ್ಡ ಮಾತು ಬೇಡ. ನಂಗೆ ನೈಟ್ ಕಾಲ್ ಇದ್ದಾಗೆಲ್ಲ ನಿನ್ನ ಅವಳ ಮನೇಲಿ ಮಲಗಿಸ್ಕೊಂಡು ಒಂದು ಯೆನ್ನೂ ಮುಟ್ಟದೆ ಇದ್ದಿದ್ದು, ಜ್ವರ ಬಂದಾಗ ಹುಣಸೆಹುಳಿ ಹಾಕಿ ಸಿನಿಗಾಂಗ್ ಮಾಡಿಕೊಟ್ಟಿದ್ದು, ನೀನು ಅದನ್ನ ಅಜ್ಜಿ ಸಾರು ಥರಾನೇ ಇದೆ ಅಂತ ಎರಡು ಬೌಲ್ ಕುಡಿದಿದ್ದು, ಅಷ್ಟು ಬರೆದ್ರೆ ಸಾಕು. ಶುಕ್ರವಾರದೊಳಗೆ ಸ್ಕ್ಯಾನ್ ಕಳಿಸು, ಒರಿಜಿನಲ್ ಪೋಸ್ಟ್ ಮಾಡು.

ಅಮ್ಮ