ಅಪ್ಪನ ಮಾತು ಕೇಳದೋಳ 25 ವರ್ಷ

ಎಲ್ಲರಿಗೂ ನಮಸ್ಕಾರ. ಮೊನ್ನೆ ನಾನು ಕ್ರೈಸ್ತ ಸನ್ಯಾಸಿನಿಯಾಗಿ 25 ವರ್ಷ ತುಂಬಿದ ಬೆಳ್ಳಿಹಬ್ಬದ ಬಲಿಪೂಜೆಗೆ (ಚರ್ಚಲ್ಲಿ ಮಾಡೋ ಪೂಜೆಗೆ) ಬಂದೋರಿಗೆ, ಬರಕ್ಕಾಗದೆ ಫೋನ್ ಮಾಡಿದೋರಿಗೆ, ವಾಟ್ಸಾಪಲ್ಲಿ ಗುಲಾಬಿ ಹೂವಿನ ಫೋಟೋ ಕಳಿಸಿ ಕಳಿಸಿ ನನ್ನ ಬಡಪಾಯಿ ಫೋನನ್ನ ಹ್ಯಾಂಗ್ ಮಾಡಿದೋರಿಗೆ, ಒಬ್ಬೊಬ್ಬರಿಗೇ ಥ್ಯಾಂಕ್ಸ್ ಹೇಳ್ತಾ ಕೂತ್ರೆ ಇನ್ನೊಂದು 25 ವರ್ಷ ಬೇಕಾಗುತ್ತೆ, ಅದಕ್ಕೇ ಇಲ್ಲೇ ಒಟ್ಟಿಗೆ ಬರೀತಿದೀನಿ. ಅವತ್ತು ಮೈಕ್ ಕೈಗೆ ಕೊಟ್ಟಾಗ ಗಂಟಲು ಕಟ್ಕೊಂಡು "ಎಲ್ರೂ ಊಟ ಮಾಡ್ಕೊಂಡೇ ಹೋಗ್ಬೇಕು" ಅಂತ ಅಷ್ಟೇ ಹೇಳಿ ಕೂತ್ಬಿಟ್ಟೆ. ಬರ್ಕೊಂಡು ಬಂದಿದ್ದ ಚೀಟಿ ಬ್ಯಾಗಲ್ಲೇ ಉಳೀತು. ಆ ಚೀಟೀಲಿದ್ದಿದ್ದು, ಇಲ್ಲದ್ದು ಎಲ್ಲಾ ಸೇರಿಸಿ ಇದು.

ಮೊದಲು ಅಪ್ಪಯ್ಯಂಗೆ. ಕನಕಪುರದ ಕಡೆ ನಮ್ಮೂರು, ಮನೇಲಿ ರೇಷ್ಮೆ. ಪಿಯುಸಿ ಮುಗಿಸಿ ನಾನು ಕಾನ್ವೆಂಟಿಗೆ ಸೇರ್ತೀನಿ ಅಂದ ದಿನ ಅಪ್ಪಯ್ಯ ಚಂದ್ರಿಕೆ (ರೇಷ್ಮೆ ಹುಳ ಗೂಡು ಕಟ್ಟೋ ತಟ್ಟಿ) ಮುಂದೆ ಕೂತು ಗೂಡು ಬಿಡಿಸ್ತಾ ಇದ್ರು. ತಲೆ ಎತ್ತಲಿಲ್ಲ. ಒಂದು ಮಂಕರಿ ಗೂಡು ತುಂಬೋವರೆಗೂ ಮಾತೇ ಆಡದೆ ಆಮೇಲೆ, "ಹೆತ್ತಪ್ಪನ ಮಾತೇ ಕೇಳದೋಳು ಅಲ್ಲೋಗಿ ಇನ್ಯಾರ ಮಾತು ಕೇಳ್ತೀಯಾ?" ಅಂದ್ರು. ಆಮೇಲೆ ಎರಡು ವರ್ಷ ನನ್ನ ಜೊತೆ ಮಾತಿಲ್ಲ. 2000ದಲ್ಲಿ ನನ್ನ ಮೊದಲ ವ್ರತಗಳಾದಾಗ ಅವ್ವ ಒಬ್ಬಳೇ ಬಂದಿದ್ಳು. 2006ರಲ್ಲಿ ನಿತ್ಯವ್ರತದ (ಜೀವನಪೂರ್ತಿ ಅಂತ ತಗೊಳ್ಳೋ ವ್ರತ) ದಿನ ಅಪ್ಪಯ್ಯಾನೂ ಬಂದ್ರು, ಗುಡಿಯ ಕಟ್ಟಕಡೇ ಬೆಂಚಲ್ಲಿ ಕೂತು ಊಟಕ್ಕೂ ನಿಲ್ದೆ ಬಸ್ ಹತ್ತಿಬಿಟ್ರು. ಅವರು ಕೇಳಿದ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಂತು, 25 ವರ್ಷ.

(ರೇಷ್ಮೆ ಅಂದ ತಕ್ಷಣ ಗೂಡಿಂದ ಚಿಟ್ಟೆ ಹಾರಿಹೋಗೋ ಉದಾಹರಣೆ ಬರುತ್ತೆ ಅಂತ ಕಾಯ್ಬೇಡಿ. ಪ್ರಬೋಧನೇಲಿ ಫಾದರ್‌ಗಳು ಅದನ್ನ ಹೇಳಿದಾಗೆಲ್ಲಾ ನನಗೆ ನಗು ಬರುತ್ತೆ, ರೇಷ್ಮೆ ಸಾಕಿದೋರಿಗೆ ಗೊತ್ತು ಗೂಡಲ್ಲಿರೋ ಹುಳದ ಗತಿ ಏನಾಗುತ್ತೆ ಅಂತ.)

ನಮ್ಮದು ಮೂರು ವ್ರತ. ಬಡತನ, ಬ್ರಹ್ಮಚರ್ಯ, ವಿಧೇಯತೆ. ಜನಕ್ಕೆಲ್ಲಾ ಕುತೂಹಲ ಎರಡನೇದರ ಮೇಲೆ, ಬಸ್ಸಲ್ಲಿ ಪಕ್ಕ ಕೂತ ಹೆಂಗಸ್ರೂ ಕೇಳ್ತಾರೆ, ಮದುವೆ ಇಲ್ದೆ ಹೆಂಗಿರ್ತೀರಾ ಸಿಸ್ಟರ್ ಅಂತ. ಇರಬಹುದು ಕಣಮ್ಮಾ, ಕಷ್ಟ ಇರೋದು ಮೂರನೇದರಲ್ಲಿ ಅಂತೀನಿ ನಾನು. ನಾಳೆ ಒಂದು ಕಾಗದ ಬಂದು ಇಲ್ಲಿಂದ ಹೊರಡು ಅಂದ್ರೆ ಹೊರಡಬೇಕು. ಇದರಲ್ಲಿ ಸ್ವಾತಂತ್ರ್ಯ ಇದೆ ಅಂತ ನೊವಿಶಿಯೇಟಲ್ಲಿ (ವ್ರತಕ್ಕೆ ಮುಂಚಿನ ತರಬೇತೀಲಿ) ಹೇಳಿಕೊಟ್ಟಾಗ ನಾನು ತಲೆ ಆಡಿಸಿದ್ದೆ, ಪರೀಕ್ಷೇಲೂ ಬರೆದಿದ್ದೆ, ನಂಬಿರಲಿಲ್ಲ.

ಆಗ ನಮಗೆ ಪಾಠ ಮಾಡಿದ ಸಿಸ್ಟರ್‌ಗೆ ಎರಡನೇ ಥ್ಯಾಂಕ್ಸ್. ಲ್ಯಾಟಿನ್ನಲ್ಲಿ ವಿಧೇಯತೆಯ ಪದದ ಬೇರು "ಓಬ್ ಔದೀರೆ", ಅಂದ್ರೆ ಕಿವಿಗೊಟ್ಟು ಕೇಳೋದು, ನಮ್ಮ ಧರ್ಮಸಭೆಯ ಧರ್ಮೋಪದೇಶದ ಪುಸ್ತಕದಲ್ಲೂ ವಿಶ್ವಾಸದ ವಿಧೇಯತೆ ಅಂತ ಹೇಳೋ ಕಡೆ ಇದೇ ಬೇರನ್ನ ಕೊಟ್ಟಿದಾರೆ ಅಂತ ಅವರು ಹೇಳಿದ್ರು. ಸಂತ ಬೆನೆಡಿಕ್ಟರು ಮಠದ ಸನ್ಯಾಸಿಗಳಿಗೆ ಅಂತ ಬರೆದ ನಿಯಮ ಶುರುವಾಗೋದೇ "ಮಗನೇ, ಕೇಳು" ಅಂತ. ಅಷ್ಟು ಹೇಳಿ ಅವರು ನಕ್ಕರು, ನಮ್ಮ ಕನ್ನಡಕ್ಕೆ ಈ ಲ್ಯಾಟಿನ್ ಬೇಡ, ನಿಮ್ಮವ್ವ "ಹೇಳಿದ ಮಾತು ಕೇಳೇ" ಅಂತ ಬೈದಿಲ್ವಾ, ಅದರಲ್ಲೇ ಎಲ್ಲಾ ಇದೆ ಅಂತ. ನಿಜ ಅಲ್ವಾ, ಕಿವಿಗೆ ಬಿದ್ದಿದ್ದೂ ಕೇಳೋದು, ಹೇಳಿದಂಗೆ ನಡೆಯೋದೂ ಕೇಳೋದು. ಪ್ರಶ್ನೆ ಮಾಡೋದೂ ಕೇಳೋದೇ! ಈ ಮೂರನೇದನ್ನ ಅವರು ಹೇಳಿರಲಿಲ್ಲ, ನಾನೇ ಆಮೇಲೆ ಏಟು ತಿಂದು ಕಂಡ್ಕೊಂಡಿದ್ದು.

ಕಂಡ್ಕೊಂಡಿದ್ದು ಹೆಂಗೆ ಅಂದ್ರೆ 2018ರ ಕಥೆ ಹೇಳಬೇಕು. ರಾಯಚೂರು ಜಿಲ್ಲೆಯ ಒಂದು ಹಳ್ಳೀಲಿ ನಮ್ಮದೊಂದು ಸಣ್ಣ ದವಾಖಾನೆ, ನಾನು ಅಲ್ಲಿ ನರ್ಸು, 11 ವರ್ಷ. ಹೆರಿಗೆ, ಹಾವು ಕಡಿತ, ಟಿಬಿ. ಟಿಬಿ ಮಾತ್ರೆ ಆರು ತಿಂಗಳು ಬಿಡದೆ ನುಂಗಬೇಕು, ಜನ ಎರಡು ತಿಂಗಳಿಗೆ ಕೆಮ್ಮು ಕಮ್ಮಿ ಆಯ್ತು ಅಂತ ಬಿಟ್ಟು ಹತ್ತಿ ಬಿಡಿಸಕ್ಕೆ ಹೋಗ್ತಿದ್ರು, ನಾನು ಹೊಲಕ್ಕೇ ಹೋಗಿ ನಿಂತು ನುಂಗಿಸ್ತಿದ್ದೆ. ಊರಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ಸತ್ಯ ಹೇಳ್ತೀನಿ, ಆ ಬೆಲೆ ನನಗೆ ಬಹಳ ರುಚಿ ಹತ್ತಿತ್ತು. ಮೇ ತಿಂಗಳಲ್ಲಿ ಕಾಗದ ಬಂತು, ಮೈಸೂರಿಗೆ ಹೋಗಿ ನಮ್ಮ ವಯಸ್ಸಾದ ಸಿಸ್ಟರ್‌ಗಳನ್ನ ನೋಡ್ಕೋಬೇಕು ಅಂತ. ಗಂಜಿ ಕುಡಿಸೋದು, ಸ್ನಾನ ಮಾಡಿಸೋದು. ನಾನು ಆವತ್ತು ರಾತ್ರಿ ನಾಲ್ಕು ಪುಟ ಬರೆದೆ ಪ್ರೊವಿನ್ಶಿಯಲ್ ಮದರ್‌ಗೆ, ಅಂದ್ರೆ ನಮ್ಮ ಪ್ರಾಂತ್ಯದ ಸಿಸ್ಟರ್‌ಗಳಿಗೆಲ್ಲಾ ಮೇಲಿರೋರಿಗೆ. ಒಂದು ವಾಕ್ಯ ಇನ್ನೂ ನೆನಪಿದೆ, ನೆನೆಸ್ಕೊಂಡ್ರೆ ನಾಚಿಕೆ: "ನಾನಿಲ್ಲದಿದ್ದರೆ ಇಲ್ಲಿನ ಜನ ಸಾಯುತ್ತಾರೆ."

ಮದರ್ ನನ್ನನ್ನ ಕರೆಸಿದ್ರು. ಬೈತಾರೆ ಅಂದ್ಕೊಂಡು ಹೋದೆ. ಅವರು ಟೀ ತರಿಸಿ ಒಂದೂವರೆ ಗಂಟೆ ಸುಮ್ಮನೆ ಕೂತು ನಾನು ಹೇಳಿದ್ದನ್ನೆಲ್ಲಾ ಕೇಳಿದ್ರು, ಮಧ್ಯೆ ಎರಡು ಸಲ ಪೆನ್ ತಗೊಂಡು ಬರ್ಕೊಂಡ್ರು. ಕೊನೇಲಿ, "ಈಗಲೂ ಹೋಗು ಅಂತಲೇ ಹೇಳ್ತೀನಮ್ಮ, ಆದ್ರೆ ಒಂದು ತಿಂಗಳು ತಗೋ, ಮಾತ್ರೆ ನುಂಗೋ ಪ್ರತಿಯೊಬ್ಬರ ಮನೆಗೂ ಹೊಸ ಸಿಸ್ಟರನ್ನ ಕರ್ಕೊಂಡು ಹೋಗಿ ತೋರಿಸಿ ಬಾ" ಅಂದ್ರು. ಆ ತಿಂಗಳು ನಾನು ಕೇಳಿರಲಿಲ್ಲ, ಅವರಾಗೇ ಕೊಟ್ಟಿದ್ದು. ಬೆನೆಡಿಕ್ಟರ ನಿಯಮದಲ್ಲಿ 68ನೇ ಅಧ್ಯಾಯ ಅಂತ ಒಂದಿದೆ, ಆಗದ ಕೆಲಸ ಹೇಳಿದ್ರೆ ಏನು ಮಾಡಬೇಕು ಅಂತ. ಸಮಯ ನೋಡಿ, ಜಂಬ ಇಲ್ಲದೆ, ನನ್ನಿಂದ ಯಾಕಾಗಲ್ಲ ಅಂತ ವಿವರಿಸಬಹುದು, ಆಮೇಲೂ ಅದೇ ಮಾತು ಅಂದ್ರೆ ದೇವರ ಸಹಾಯ ನಂಬಿ ಮಾಡು. ಸಾವಿರದ ಐನೂರು ವರ್ಷದ ಹಿಂದೆ ಬರೆದಿದ್ದು ರೀ. ನನ್ನ ನಾಲ್ಕು ಪುಟದಲ್ಲಿ ವಿವರಣೆ ಒಂದು ಪುಟ, ಜಂಬ ಮೂರು ಪುಟ.

ಹೊರಡೋ ದಿನ ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಹೊಸ ಸಿಸ್ಟರ್ ಕೈಗೆ ಕೊಟ್ಟೆ. 17 ಬೀಗದ ಕೈ. ಮೆಡಿಸಿನ್ ಬೀರೂದು, ಗೇಟಿಂದು, ಪಂಪ್‌ಸೆಟ್ ರೂಮಿಂದು ಅಂತ ಒಂದೊಂದೇ ಹೇಳ್ತಾ ಬಂದೆ, ಕೊನೆಗೆ ಮೂರು ಉಳೀತು, ಯಾವ ಬೀಗದ್ದು ಅಂತ ನನಗೂ ಗೊತ್ತಿಲ್ಲ. 11 ವರ್ಷ ಆ ಮೂರನ್ನೂ ಹೊತ್ಕೊಂಡು ಓಡಾಡಿದೀನಿ. ಮೈಸೂರಿಗೆ ಬಂದಮೇಲೂ ಎಷ್ಟೋ ದಿನ ಎದ್ದಾಗೆಲ್ಲಾ ಕೈ ಸೊಂಟಕ್ಕೇ ಹೋಗ್ತಿತ್ತು.

ಆ ಹಳ್ಳಿ ಜನ ಸಾಯಲಿಲ್ಲ. ಹೊಸ ಸಿಸ್ಟರ್ ನನಗಿಂತ ಚೆನ್ನಾಗಿ ನಡೆಸಿದ್ರು. ಇದನ್ನ ಬರೆಯಕ್ಕೆ ಈಗಲೂ ಒಂಚೂರು ಉರಿಯುತ್ತೆ. ಮೊನ್ನೆ ಆ ಊರಿಂದ ರಾತ್ರಿಯೆಲ್ಲಾ ಬಸ್ಸಲ್ಲಿ ಕೂತು ಬಂದ ಆರು ಜನ ಹೆಣ್ಮಕ್ಕಳಿಗೆ, ಒಂದು ಚೀಲ ತುಂಬಾ ಜೋಳದ ರೊಟ್ಟಿ ಶೇಂಗಾ ಚಟ್ನಿ ಹೊತ್ತು ತಂದೋರಿಗೆ, ನಾನು ಏನು ಹೇಳಲಿ. "ನಮ್ಮನ್ನ ಬಿಟ್ಟ್ ಹೋದ್ರಿ ಅಂತ ಸಿಟ್ಟ್ ಬಂದಿತ್ರಿ ಸಿಸ್ಟರ್, ಈಗಿಲ್ಲ ಬಿಡ್ರಿ" ಅಂದ್ರಲ್ಲ, ಅಷ್ಟು ಸಾಕು.

ಮೈಸೂರಲ್ಲಿ ಮೊದಲ ಮೂರು ತಿಂಗಳು ನಾನು ಮುಖ ಗಂಟು ಹಾಕ್ಕೊಂಡೇ ಕೆಲಸ ಮಾಡಿದ್ದು. ಪಾಪನಿವೇದನೇಲೂ ಹೇಳಿದೆ, ಸ್ವಾಮಿ, ಕಾಲು ವಿಧೇಯ ಆಗಿದೆ ತಲೆ ಆಗಿಲ್ಲ ಅಂತ. ಅಲ್ಲೊಬ್ಬರು ಹಿರಿ ಸಿಸ್ಟರ್ ಇದ್ರು, 88 ವರ್ಷ, ಮರೆವಿನ ಕಾಯಿಲೆ. ನನ್ನನ್ನ ಯಾರದೋ ಹೆಸರಿಂದ ಕರೀತಿದ್ರು. ಸಂಜೆ ಜಪಸರ ಮುಗೀತಿದ್ದಂಗೆ ಅವರು ತಮ್ಮ ಹಳೇ ರೆಕ್ಸಿನ್ ಬ್ಯಾಗ್ ತೆಗೆದು ಮಂಚದ ಮೇಲಿಟ್ಟು ಎರಡು ಸೀರೆ, ಒಂದು ಟವಲ್, ಪ್ರಾರ್ಥನೆ ಪುಸ್ತಕ, ಲೋಟ, ಎಲ್ಲಾ ಮಡಿಚಿ ತುಂಬ್ತಿದ್ರು. ತುಂಬಿ, ನನ್ನ ಕಡೆ ತಿರುಗಿ, "ನನ್ನ ಟ್ರಾನ್ಸ್‌ಫರ್ ಎಲ್ಲಿಗೆ ಬಂತಮ್ಮ?" ದಿನಾ ಸಂಜೆ ಹಿಂಗೇ. ಮೊದಮೊದಲು ಎಲ್ಲಿಗೂ ಇಲ್ಲ ಸಿಸ್ಟರ್, ಮಲಗಿ ಅಂತಿದ್ದೆ, ಅವರಿಗೆ ಸಮಾಧಾನ ಆಗ್ತಿರಲಿಲ್ಲ. ಒಂದಿನ ಸುಸ್ತಾಗಿ, "ಶಿವಮೊಗ್ಗಕ್ಕೆ ಸಿಸ್ಟರ್" ಅಂದ್ಬಿಟ್ಟೆ. ಮುಖ ಅರಳ್ತು ನೋಡಿ. "ಆಯ್ತು. ಬಸ್ ಎಷ್ಟೊತ್ತಿಗೆ?"

ಅಷ್ಟೇ ಅವರ ಪ್ರಶ್ನೆ. ಯಾಕೆ ಅಂತಿಲ್ಲ, ಅಲ್ಲಿ ಯಾರಿದಾರೆ ಅಂತಿಲ್ಲ. ಮಾರನೇ ದಿನ ಹಾಸನ ಅಂದೆ, ಆಮೇಲೆ ಕೋಲಾರ, ಒಂದ್ಸಲ ತಮಾಷೆಗೆ ರೋಮ್ ಅಂದೆ, ಅದಕ್ಕೂ ಬಸ್ ಎಷ್ಟೊತ್ತಿಗೆ ಅಂತಲೇ ಕೇಳಿದ್ರು! ತನ್ನ ಹೆಸರೂ ಮರೆತುಹೋದ ಆ ಮುದುಕಿ ಒಳಗೆ ಉಳಿದಿದ್ದಿದ್ದು ಅದೊಂದೇ, ಹೊರಡಕ್ಕೆ ರೆಡಿ ಇರೋದು. ಹೆದರಿಕೆ ಇಲ್ಲದ ಮುಖ ನಾನು ಅಷ್ಟು ಹತ್ತಿರದಿಂದ ಬೇರೆಲ್ಲೂ ನೋಡಿಲ್ಲ. ನನ್ನ 17 ಬೀಗದ ಕೈ ನೆನಪಾಗಿ, ಅವತ್ತು ರಾತ್ರಿ ಅವರ ಬ್ಯಾಗ್ ಬಿಚ್ಚಿ ಸೀರೆ ವಾಪಸ್ ಇಡುವಾಗ ತುಂಬಾ ಅತ್ತೆ. 2020ರಲ್ಲಿ ಅವರು ತೀರ್ಕೊಂಡ್ರು. ಆ ಬ್ಯಾಗ್ ಕೇಳಿ ಇಸ್ಕೊಂಡಿದೀನಿ.

ಇಲ್ಲೊಂದು ಮಾತು ಹೇಳಲೇಬೇಕು, ಇಲ್ಲಾಂದ್ರೆ ಇದನ್ನ ಓದಿ ಯಾರಾದ್ರೂ ತಮ್ಮನೆ ಸೊಸೆಗೆ ನೋಡು ಸಿಸ್ಟರೇ ಹೇಳಿದಾರೆ ಬಾಯ್ಮುಚ್ಕೊಂಡಿರು ಅಂದುಬಿಡ್ತಾರೆ. ನಾನು ಅದನ್ನ ಹೇಳ್ತಿಲ್ಲ. ನಮ್ಮ ವ್ರತಕ್ಕೂ ಎಲ್ಲೆ ಇದೆ, ಸಭೆಯ ನಿಯಮಾವಳಿ ಪ್ರಕಾರ ಹೇಳಿದ್ದಕ್ಕೆ ಮಾತ್ರ ವಿಧೇಯತೆ, ಪಾಪ ಮಾಡು ಅಂತ ಹೇಳಕ್ಕೆ ಯಾವ ಮದರ್‌ಗೂ ಫಾದರ್‌ಗೂ ಅಧಿಕಾರ ಇಲ್ಲ. 1965ರ ಎರಡನೇ ವ್ಯಾಟಿಕನ್ ಮಹಾಸಭೆಯ ದಾಖಲೆ, ಸನ್ಯಾಸ ಜೀವನದ ಬಗ್ಗೆ ಇರೋದು, ಅದರಲ್ಲಿ ಮೇಲಿರೋರು ಕೆಳಗಿರೋರ ಮಾತನ್ನ ಮನಸ್ಸಿಟ್ಟು ಕೇಳಬೇಕು ಅಂತಲೂ ಇದೆ, ವಿಧೇಯತೆ ಮನುಷ್ಯರ ಘನತೆ ಕಮ್ಮಿ ಮಾಡಲ್ಲ, ದೇವರ ಮಕ್ಕಳ ಸ್ವಾತಂತ್ರ್ಯ ದೊಡ್ಡದು ಮಾಡಿ ಅವರನ್ನ ಪಕ್ವ ಮಾಡುತ್ತೆ ಅಂತಲೂ ಇದೆ. ಕೆಲವು ಕಡೆ ಮೊದಲನೇದನ್ನ ಮರೆತು ಎರಡನೇದನ್ನ ಮಾತ್ರ ಓದ್ತಾರೆ, ಅದು ನನಗೂ ಗೊತ್ತು.

ಕಳೆದ ವರ್ಷ ಎಂಟು ದಿನದ ಧ್ಯಾನಕೂಟದಲ್ಲಿ ಫಾದರ್ ಒಬ್ಬರು ಫ್ರಾಂಜ್ ಯೇಗರ್‌ಸ್ಟೆಟರ್ ಕಥೆ ಹೇಳಿದ್ರು, ಅವರಿಗೂ ಥ್ಯಾಂಕ್ಸ್, ಅಲ್ಲೀತನಕ ನನಗೆ ಗೊತ್ತಿರಲಿಲ್ಲ. ಆಸ್ಟ್ರಿಯಾದ ಸಂತ ರಾಡೆಗುಂಡ್ ಅನ್ನೋ ಹಳ್ಳಿಯ ರೈತ, ಹೆಂಡತಿ ಫ್ರಾನ್ಸಿಸ್ಕಾ, ಮೂವರು ಹೆಣ್ಮಕ್ಕಳು. ಹಿಟ್ಲರನ ಸೈನ್ಯದಲ್ಲಿ ಯುದ್ಧ ಮಾಡಲ್ಲ ಅಂದ. ಬಿಷಪ್ಪರ ಹತ್ತಿರ ಹೋಗಿ ಕೇಳಿದ, ಅವರೂ ಸಂಸಾರ ನೋಡ್ಕೋ ಅನ್ನೋ ಥರದಲ್ಲೇ ಹೇಳಿದ್ರು. ಎಲ್ಲರನ್ನೂ ಕೇಳಿ, ಕೊನೆಗೆ ತನ್ನ ಅಂತಃಸಾಕ್ಷೀಲಿ ದೇವರು ಹೇಳಿದ್ದು ಅಂತ ತಿಳಿದಿದ್ದನ್ನ ಮಾಡಿದ. ಕೈಗೆ ಕೋಳ ಹಾಕಿದ್ರೂ ಪರವಾಗಿಲ್ಲ, ನನ್ನ ಮನಸ್ಸಿಗೆ ಕೋಳ ಬೀಳೋದಕ್ಕಿಂತ ಅದೇ ವಾಸಿ ಅನ್ನೋ ಅರ್ಥದಲ್ಲಿ ಜೈಲಲ್ಲಿ ಬರೆದಿದಾನೆ. 1943ರ ಆಗಸ್ಟ್ 9ಕ್ಕೆ ತಲೆ ಕಡಿದ್ರು, 36 ವರ್ಷ ವಯಸ್ಸು. 2007ರಲ್ಲಿ ಲಿಂಜ್‌ನಲ್ಲಿ ಆತನನ್ನ ಪುನೀತ (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಅಂತ ಘೋಷಿಸಿದಾಗ 94 ವರ್ಷದ ಫ್ರಾನ್ಸಿಸ್ಕಾ ಅಲ್ಲೇ ಇದ್ರು. ಅದನ್ನ ಕೇಳಿದಾಗಿಂದ ನನ್ನ ಯೋಚನೆ ಜಾಸ್ತಿ ಆ ಹೆಂಗಸಿನ ಕಡೆಗೇ ಹೋಗುತ್ತೆ, ಹೊಲ, ಮೂರು ಮಕ್ಕಳು, ಊರೋರ ಮಾತು. ಅವರ ವಿಧೇಯತೆಗೆ, 2013ರಲ್ಲಿ ಅವರು ತೀರ್ಕೊಳ್ಳೋತನಕ, ಹತ್ತತ್ರ 70 ವರ್ಷ ಹಿಡೀತು.

ಮಾತೆ ಮರಿಯಮ್ಮಾನೂ ಸುಮ್ನೆ ಹೂಂ ಅಂದಿಲ್ಲ ನೋಡಿ. ನೀನು ಯೇಸುವನ್ನ ಹೆರ್ತೀಯಾ ಅಂದ ಗಬ್ರಿಯೇಲ ದೂತನಿಗೆ ಇದು ಹೇಗಾಗುತ್ತೆ ಅಂತ ಕೇಳಿದ್ಳು, ಆಮೇಲೆ ನಿನ್ನ ಮಾತಿನಂತೆ ಆಗಲಿ ಅಂದ್ಳು. ಅದಕ್ಕೆ ಮುಂಚೆ, ಮುದಿವಯಸ್ಸಲ್ಲಿ ನಿನಗೆ ಮಗ ಹುಟ್ತಾನೆ ಅಂತ ಅದೇ ದೂತ ಹೇಳಿದಾಗ ಜಕರೀಯನೂ ಕೇಳಿದ್ದ, ಅವನ ಬಾಯಿ ಕಟ್ಟಿಹೋಯ್ತು. ಇದು ಅನ್ಯಾಯ ಅಂತ ಬಹಳ ವರ್ಷ ಅನ್ಸಿತ್ತು. ಈಗ ಅನ್ಸೋದು, ಜಕರೀಯ ನನಗೆ ಪುರಾವೆ ಕೊಡು ಅಂದ, ಮರಿಯಮ್ಮ ದಾರಿ ಕೇಳಿದ್ಳು. ನನ್ನ ನಾಲ್ಕು ಪುಟ ಜಕರೀಯನ ಜಾತಿದು. ಯೇಸುಸ್ವಾಮಿಯೂ ಶಿಲುಬೆಗೇರೋ ಹಿಂದಿನ ರಾತ್ರಿ ಗೆತ್ಸೆಮನೆ ತೋಪಲ್ಲಿ ಈ ಸಂಕಟದ ಪಾತ್ರೆ ತೆಗೆದುಬಿಡಿ ಅಂತ ಕೇಳಿದ್ದೇ ಅಲ್ವಾ, ಆಮೇಲೆ ಎದ್ದು ನಡೆದ್ರು. ಚಿಕ್ಕೋಳಿದ್ದಾಗ ಅಪ್ಪಯ್ಯ ಹಾರೋಬೆಲೆಗೆ ಯೇಸುಸ್ವಾಮಿ ನಾಟಕಕ್ಕೆ ಹೆಗಲ ಮೇಲೆ ಕೂರಿಸ್ಕೊಂಡು ಹೋಗಿದ್ರು, ಆ ತೋಪಿನ ಸೀನಲ್ಲಿ ನಾನು ಜೋರಾಗಿ, ಓಡಿಹೋಗು ಸ್ವಾಮಿ ಅಂತ ಕೂಗಿದ್ನಂತೆ. ಈಗಲೂ ಹೇಳ್ಕೊಂಡು ನಗ್ತಾರೆ ಮನೇಲಿ.

ಇನ್ನುಳಿದ ಥ್ಯಾಂಕ್ಸ್ ಬೇಗ ಬೇಗ ಹೇಳ್ತೀನಿ. ಎರಡು ದಿನ ನಿದ್ದೆ ಇಲ್ದೆ ಅಡುಗೆ ಮಾಡಿದ ನಮ್ಮ ಧರ್ಮಕೇಂದ್ರದ ಹುಡುಗರಿಗೆ, ಹಾಡಿನ ತಂಡಕ್ಕೆ (ಕಾಣಿಕೆ ಹಾಡು ಎರಡು ಸಲ ಬಂತು, ಪರವಾಗಿಲ್ಲ), ನನ್ನ ಜೊತೆ 25 ವರ್ಷ ಜಗಳ ಆಡಿಕೊಂಡು ಒಂದೇ ಊಟದ ಮೇಜಲ್ಲಿ ಕೂತ ನನ್ನ ಸಿಸ್ಟರ್‌ಗಳಿಗೆ. ಮಂಡಿನೋವು ಕೊಡೋ ಆ ಬೆಂಚುಗಳಿಗೆ ಥ್ಯಾಂಕ್ಸ್ ಇಲ್ಲ. ಅವ್ವ ಇದ್ದಿದ್ರೆ ಮೊದಲ ಸಾಲಲ್ಲಿ ಕೂತಿರ್ತಿದ್ಳು.

ಆ ಸಾಲಲ್ಲಿ ಅಪ್ಪಯ್ಯ ಕೂತಿದ್ರು. 84 ವರ್ಷ. ಪೂಜೆ ಮುಗಿದ ಮೇಲೆ ಕಾಲಿಗೆ ಬಗ್ಗಿದೆ, ಹಣೆ ಮೇಲೆ ಶಿಲುಬೆ ಗುರುತು ಹಾಕಿ, ಕಿವಿ ಹತ್ರ ಬಂದು, "ಈಗ್ಲಾದ್ರೂ ಮಾತು ಕೇಳ್ತೀಯಾ?" ಅಂದ್ರು. ಕೇಳ್ತೀನಪ್ಪಯ್ಯ ಅಂದೆ. "ಹಂಗಾದ್ರೆ ಮೊದ್ಲು ಹೋಗಿ ಉಣ್ಣು, ಬೆಳಗ್ಗಿಂದ ಏನೂ ತಿಂದಿಲ್ಲ ನೀನು." ಉಂಡೆ. ಅಪ್ಪಯ್ಯನೂ ಈ ಸಲ ಊಟಕ್ಕೆ ನಿಂತ್ರು, ಪಾಯಸ ಎರಡು ಸಲ ಹಾಕಿಸ್ಕೊಂಡ್ರು, ಶುಗರ್ ಇದೆ ಅಂತ ಅತ್ತಿಗೆ ಕೂಗ್ತಿದ್ರೂ ಕೇಳಲಿಲ್ಲ.

ಹೊಸ ಕಾಗದ ಬಂದಿದೆ, ಎಲ್ಲಿಗೆ ಅಂತ ಹೋದಮೇಲೆ ಹೇಳ್ತೀನಿ. ರೆಕ್ಸಿನ್ ಬ್ಯಾಗಿನ ಜಿಪ್ ಕಿತ್ತಿತ್ತು, ರಿಪೇರಿಗೆ ಕೊಟ್ಟಿದೀನಿ. ಅಷ್ಟರೊಳಗೆ ಒಂದು ಕೆಲಸ ಮಾಡಿ, ಹಬ್ಬದ ದಿನ ತಿಂಡಿ ತಂದ ಡಬ್ಬಿಗಳು ಕಾನ್ವೆಂಟ್ ಅಡುಗೆಮನೇಲಿ ಒಂಬತ್ತು ಉಳಿದಿವೆ, ತೊಳೆದು ಒರೆಸಿ ಇಟ್ಟಿದೀವಿ. ನೀಲಿ ಮುಚ್ಚಳದ್ದು ಎರಡು, ಕ್ಯಾರಿಯರ್ ಒಂದು, ಉಳಿದಿದ್ದು ಸ್ಟೀಲು. ಕ್ಯಾರಿಯರ್ ಮೇಲೆ ಹೆಸರು ಕೆತ್ತಿಸಿದಾರೆ ಆದ್ರೆ ಓದಕ್ಕಾಗ್ತಿಲ್ಲ. ಶನಿವಾರದೊಳಗೆ ಬಂದು ತಗೊಂಡು ಹೋಗಿ.