ಕಲಬುರಗಿಯ ಕುಲುಮೆ, ನಮ್ಮ ಮಕ್ಕಳು

ಪ್ರಿಯ ಓದುಗರೇ,

ಕೈಕೆಲಸವೆಂದರೆ ಓದು ತಲೆಗೆ ಹತ್ತದವರ ಪಾಲಿನದು ಎಂಬ ಎಣಿಕೆ ನಮ್ಮಲ್ಲಿ ಹಳೆಯದು. ಊರು ಬಿಟ್ಟು ಬಂದರೂ ಅದನ್ನು ನಾವು ಬಿಟ್ಟು ಬಂದಿಲ್ಲ. ಈ ಸಂಚಿಕೆಯಲ್ಲಿ ಅದರ ವಿರುದ್ಧ ಬರೆಯಲು ಕಾರಣರಾದವರು ಕಬ್ಬಿಣ ಬಡಿದು ಕಲೆ ಮಾಡುವ ಕಲಬುರಗಿಯ ಒಬ್ಬ ಚಿತ್ರಕಲಾ ಶಿಕ್ಷಕಿ, ನಮ್ಮ ಸಂಘದ ಸದಸ್ಯರೊಬ್ಬರ ತಂಗಿ. ಹೆಸರು ಬೇಡ, ಕೆಲಸದ ವಿಷಯ ಎಷ್ಟು ಬೇಕಾದರೂ ಬರೆಯಿರಿ ಎಂದಿದ್ದಾರೆ. ತಮಗೆ ಆಟಿಸಂ, ಎಡಿಎಚ್‌ಡಿ (ಗಮನವನ್ನು ಒಂದೆಡೆ ನಿಲ್ಲಿಸುವುದು ಕಷ್ಟವಾಗುವ ಸ್ಥಿತಿ) ಎರಡೂ ಇವೆಯೆಂದು ಅವರಿಗೆ ತಿಳಿದದ್ದು ನಡುವಯಸ್ಸಿನಲ್ಲಿ. ಹೆಣ್ಣುಮಕ್ಕಳಲ್ಲಿ ಹೀಗೆ ತಡವಾಗಿ ಗೊತ್ತಾಗುವುದು ಅಪರೂಪವಲ್ಲ. ಸುಮ್ಮನೆ ಕೂತ ಹುಡುಗಿಯನ್ನು ಶಾಲೆಯೂ ಮನೆಯೂ ಒಳ್ಳೆಯವಳೆಂದುಕೊಂಡು ಮುಂದೆ ಸಾಗಿಬಿಡುತ್ತವೆ. ಅಲ್ಲಿಯವರೆಗೆ ಅವರಿಗೆ ದೊರೆತ ಬಿರುದುಗಳು ನಮಗೆಲ್ಲ ಪರಿಚಿತವಾದವೇ: ಹಟಮಾರಿ, ಮರೆಗುಳಿ, ಮಂದಿಯೊಳಗೆ ಬೆರೆಯದವಳು.

ನಮ್ಮ ಭಾಗದಲ್ಲಿ ಕಂಬಾರರು ಊರಿನ ಆಯಗಾರರಾಗಿದ್ದರು. ಸುಗ್ಗಿಯಲ್ಲಿ ರೈತರು ಆಯವೆಂದು ಅಳೆದುಕೊಡುತ್ತಿದ್ದ ಜೋಳಕ್ಕೆ ಪ್ರತಿಯಾಗಿ ವರ್ಷವಿಡೀ ಕುಳ, ಕುಂಟಿ, ಕುಡಗೋಲುಗಳನ್ನು ಹಣಿದು ಕೊಡುತ್ತಿದ್ದರು. ಕಾರಹುಣ್ಣಿಮೆ ಹತ್ತಿರವಾದಂತೆ ಕುಲುಮೆಯ ಮುಂದೆ ಕೂಡುತ್ತಿದ್ದ ಮಂದಿ ಟ್ರ್ಯಾಕ್ಟರ್ ಬಂದ ಮೇಲೆ ಕಡಿಮೆಯಾದರು. ಆದರೆ ಅಲೆಮಾರಿ ಕಂಬಾರರಾದ ಘಿಸಾಡಿ ಕುಟುಂಬಗಳು ಇಂದಿಗೂ ರಸ್ತೆಯ ಬದಿಯಲ್ಲಿ ಬಿಡಾರ ಹೂಡಿ, ನೆಲದಲ್ಲೇ ಕುಲುಮೆ ಮಾಡಿ, ಲಾರಿಗಳ ಹಳೆಯ ಕಮಾನು ಪಟ್ಟಿಗಳನ್ನು ಕೊಡಲಿಯಾಗಿ, ಕುಡಗೋಲಾಗಿ ಬಡಿಯುತ್ತವೆ. ಗಂಡ ಇಕ್ಕಳದಲ್ಲಿ ಕಬ್ಬಿಣ ಹಿಡಿದರೆ ಸಮ್ಮಟಿಗೆ ಎತ್ತುವವಳು ಹೆಂಡತಿ. ನಮ್ಮ ಶಿಕ್ಷಕಿಗೆ ಕಬ್ಬಿಣದ ಮೊದಲ ಪಾಠ ಹೇಳಿದ್ದು ಅಂಥ ಒಬ್ಬ ಹೆಣ್ಣುಮಗಳು. ಚಿತ್ರ ಬರೆದುಕೊಳ್ಳಲು ಹೋಗಿ ನಿಂತವರ ಕೈಗೆ ಆಕೆ ಸುತ್ತಿಗೆ ಕೊಟ್ಟು ಹೇಳಿದ್ದಿಷ್ಟೇ: “ಗಡಬಡಿ ಬ್ಯಾಡ. ಬಣ್ಣ ನೋಡು, ಅದೇ ಹೇಳ್ತದ.”

ಆ ಮಾತಿನಲ್ಲಿ ಇಡೀ ವಿದ್ಯೆ ಇದೆ. ಬೆರಳು ದಪ್ಪದ ಸರಳು ಕೇಸರಿ ಬಣ್ಣಕ್ಕೆ, ಅಂದರೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಹೊರಬಂದರೆ, ಅದು ಮಾಸಲು ಕೆಂಪಿಗೆ ಇಳಿಯುವುದರೊಳಗೆ ಬಡಿಯಲು ಸಿಗುವುದು ಒಂದು ನಿಮಿಷಕ್ಕೂ ಕಡಿಮೆ ಹೊತ್ತು. ಅಷ್ಟು ಹೊತ್ತು ಬೇರೆ ಯಾವುದರ ಕಡೆಗೂ ಗಮನ ಹರಿಯುವಂತಿಲ್ಲ; ಆಮೇಲೆ ಸರಳು ಕೆಂಡಕ್ಕೆ ಮರಳಿದಾಗ ಮನಸ್ಸು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ನಲವತ್ತು ನಿಮಿಷ ಒಂದೇ ಸಮನೆ ಕೇಳುತ್ತ ಕೂತಿರಬೇಕೆಂಬ ತರಗತಿಯಲ್ಲಿ ಸೋತಿದ್ದ ಮನಸ್ಸು ಕುಲುಮೆಯ ಈ ಅಳತೆಗೆ ಹೊಂದಿಕೊಂಡಿತು. ಇನ್ನು ಬೆಳಕು. ಬಿಸಿಲಿನ ಬೆಳಕಿನಲ್ಲಿ, ಕಾದ ಕಬ್ಬಿಣದ ಬಣ್ಣ ಇರುವುದಕ್ಕಿಂತ ಮಂಕಾಗಿ ಕಾಣುವುದರಿಂದ ಅದನ್ನು ಹದ ಮೀರಿ ಕಾಸಿಬಿಡುವ ಭಯವಿದೆ; ಆದ್ದರಿಂದ ಕುಲುಮೆಯನ್ನು ನೆರಳಿನಲ್ಲಿಡುತ್ತಾರೆ. ಟ್ಯೂಬ್‌ಲೈಟಿನ ಬೆಳಕಿಗೆ ಕಣ್ಣು ನೋಯುತ್ತಿದ್ದ ಅವರಿಗೆ, ಕೆಲಸವೇ ನಸುಗತ್ತಲೆಯನ್ನು ಕೇಳುವ ಒಂದು ಜಾಗ ಸಿಕ್ಕಿತು.

ಸದ್ದಿನ ವಿಷಯ ನನಗೆ ಅರ್ಥವಾಗಿರಲಿಲ್ಲ. ಮದುವೆಮನೆಯ ಗದ್ದಲದಿಂದ ಎದ್ದುಹೋಗುವವರು ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲಿನ ಮುಂದೆ ಹೇಗೆ ನಿಲ್ಲುತ್ತಾರೆಂದು ಕೇಳಿದೆ. ಮಂದಿಯ ಸದ್ದು ಯಾವಾಗ ಯಾವ ಕಡೆಯಿಂದ ಬರುತ್ತದೆಂದು ತಿಳಿಯದು, ಸುತ್ತಿಗೆಯ ಸದ್ದು ಮಾತ್ರ ತಮ್ಮದೇ ತೋಳಿನಿಂದ, ತಾವು ಎಣಿಸಿದ ಹೊತ್ತಿಗೇ ಬರುತ್ತದೆ ಎಂದರು. ಅದೂ ಹೆಚ್ಚಾಗಬಾರದೆಂದು ಅಡಿಗಲ್ಲಿಗೆ ದಪ್ಪ ಸರಪಳಿ ಸುತ್ತಿದ್ದಾರೆ. ಅದರಿಂದ ಪೆಟ್ಟಿನ ಬಳಿಕ ಗುಂಯ್‌ಗುಡುವ ನಾದ ಬೇಗ ಅಡಗುತ್ತದೆ. ಕಿವಿಗೆ ಮುಚ್ಚಿಗೆಯೂ ಇದೆ.

ಶಾಲೆ ಮುಗಿದ ಮೇಲೆ ಅವರು ಕೆಲವು ಮಕ್ಕಳಿಗೆ ಈ ಕೆಲಸ ಕಲಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿರುವುದರಿಂದ ಕೆಲವರ ಬಳಿ ಪ್ರಮಾಣಪತ್ರವಿದೆ, ಕೆಲವರ ಬಳಿ ಇಲ್ಲ. ಶಿಕ್ಷಕಿ ಅದನ್ನು ಕೇಳುವುದೂ ಇಲ್ಲ. ಮೊದಲ ಪಾಠ ಗೋಡೆಗೆ ಹೊಡೆಯುವ ಒಂದು ಕೊಕ್ಕೆ. ಅದನ್ನು ಬಾಯಲ್ಲಿ ವಿವರಿಸುವ ಬದಲು, ಪ್ರತಿಯೊಂದು ಹಂತದಲ್ಲಿ ನಿಲ್ಲಿಸಿದ ಒಂದೊಂದು ತುಣುಕನ್ನು ಸಾಲಾಗಿ ಗೋಡೆಗೆ ತೂಗುಹಾಕಿದ್ದಾರೆ: ಬರಿಯ ಚೌಕ ಸರಳು, ತುದಿ ಚೂಪಾದದ್ದು, ತುದಿ ಸುರುಳಿಯಾದದ್ದು, ಬಾಗಿದ್ದು, ತಿರುಚಿದ್ದು, ತಲೆ ಚಪ್ಪಟೆಯಾಗಿ ಮೊಳೆಯ ತೂತು ಬಿದ್ದದ್ದು. ಮಗು ತನ್ನ ಸರಳು ತಣ್ಣಗಾದ ಮೇಲೆ ಅದನ್ನು ಗೋಡೆಯ ತುಣುಕಿನ ಪಕ್ಕ ಹಿಡಿದು, ಎರಡನ್ನೂ ಬೆರಳಿನಿಂದ ಸವರಿ, ಎಲ್ಲಿ ವ್ಯತ್ಯಾಸವಿದೆಯೆಂದು ತಾನೇ ಕಂಡುಕೊಳ್ಳುತ್ತದೆ. ಬೆಂಕಿಗೆ ಹೋಗುವ ಮುಂಚೆ ಇದೇ ಕೊಕ್ಕೆಯನ್ನು ಜೇಡಿಮಣ್ಣಿನ ಸರಳಿನಲ್ಲಿ ಮರದ ಸುತ್ತಿಗೆಯಿಂದ ಮಾಡಿಸುತ್ತಾರೆ, ಏಕೆಂದರೆ ಪೆಟ್ಟು ಬಿದ್ದಾಗ ಹಸಿಮಣ್ಣು ಹರಡುವ ರೀತಿಗೂ ಕಾದ ಕಬ್ಬಿಣ ಹರಡುವ ರೀತಿಗೂ ಹೆಚ್ಚು ವ್ಯತ್ಯಾಸವಿಲ್ಲ. ಯಾರೂ ಗದರಿಸುವುದಿಲ್ಲ. ತಪ್ಪು ಪೆಟ್ಟು ಎಲ್ಲಿ ಬಿತ್ತೆಂದು ಕಬ್ಬಿಣದ ಮೇಲೇ ಗುರುತಿರುತ್ತದೆ, ಮತ್ತೆ ಕಾಸಿದರೆ ಬಹುಮಟ್ಟಿಗೆ ತಿದ್ದಬಹುದು. ಬಾಲ್ಯದಲ್ಲಿ ತಮಗೆ ಯಾವ ಬಗೆಯ ಪಾಠ ಸಿಕ್ಕಿದ್ದರೆ ದಕ್ಕುತ್ತಿತ್ತೋ ಅದನ್ನೇ ಅವರು ಕಟ್ಟಿದ್ದಾರೆ ಎಂದು ನನಗೆ ಅನಿಸಿತು.

ಇದನ್ನು ಚಿಕಿತ್ಸೆಯೆಂದು ಕರೆಯುವವರ ಮೇಲೆ ಅವರಿಗೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದು. ಅವರು ಮಾಡುವುದು ಕಲೆ, ಅದನ್ನು ಕಲೆಯೆಂದೇ ತೂಗಬೇಕು. ಸವೆದ ಕುಳಗಳಿಂದ ಬಡಿದ ಅವರ ತೊಗರಿ ಗಿಡದಲ್ಲಿ ಕಾಯಿಯೊಳಗಿನ ಕಾಳುಗಳ ಉಬ್ಬು ಒಂದರಂತೆ ಒಂದಿಲ್ಲ. ಉಕ್ಕಿನ ಎಲೆಗಳನ್ನು ಉಜ್ಜಿ ಹೊಳಪಿಸಿ ನಿಧಾನವಾಗಿ ಕಾಸಿದಾಗ ಸುಮಾರು 220 ಡಿಗ್ರಿಯ ಒಣಹುಲ್ಲಿನ ಹಳದಿಯಿಂದ 300ರ ಹತ್ತಿರದ ನೀಲಿಯವರೆಗೆ ಏರುವ ಬಣ್ಣಗಳನ್ನು ಬೇಕಾದಲ್ಲಿ ನಿಲ್ಲಿಸಿ ಹಾಗೆಯೇ ಉಳಿಸಿಕೊಂಡಿದ್ದಾರೆ. ನಮ್ಮ ಸಮಾರಂಭಗಳಲ್ಲಿ ಅತಿಥಿಗಳಿಗೆ ಬಿದರಿ ಹೂದಾನಿ ಕೊಟ್ಟು ಹೆಮ್ಮೆಪಡುತ್ತೇವೆ, ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಸಂತೋಷಪಟ್ಟೆವು, ಅದೆಲ್ಲ ಸರಿಯೇ. ಅದೇ ಸೀಮೆಯ ಕಂಬಾರರ ಕಬ್ಬಿಣವನ್ನೂ ಅಷ್ಟೇ ಗೌರವದಿಂದ ನೋಡಲು ನಮಗೆ ಇನ್ನೂ ಬಂದಿಲ್ಲ.

ನಮ್ಮ ಸಂಘದಲ್ಲೂ ಇಂಥ ಮಕ್ಕಳಿದ್ದಾರೆ. ಇಲ್ಲಿನ ಶಾಲೆಯ ಸಭೆಯಲ್ಲಿ ಬಿಚ್ಚಿ ಮಾತನಾಡುವ ತಂದೆತಾಯಿಯರು ಸಂಘದ ಕಾರ್ಯಕ್ರಮಕ್ಕೆ ಬಂದಾಗ, ಮಗು ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತರೆ, “ಅವನಿಗೆ ಸ್ವಲ್ಪ ನಿದ್ದೆ” ಎನ್ನುವುದನ್ನು ಕೇಳಿ ನನಗೆ ನೋವಾಗಿದೆ. ಅವರಿಗೆ ಹಾಗೆ ಹೇಳಬೇಕಾಗಿ ಬಂದದ್ದು ನಮ್ಮಿಂದ. ಭಾಷಣ, ನೃತ್ಯ, ಗಾಯನ ಬಲ್ಲ ಮಕ್ಕಳಿಗಷ್ಟೇ ನಾವು ವೇದಿಕೆ ಕಟ್ಟಿದ್ದೇವೆ.

ಬೇಸಿಗೆ ಶಿಬಿರದ ಒಂದು ಶನಿವಾರವನ್ನು ಕೈಕೆಲಸಕ್ಕೆ ಮೀಸಲಿಡಲು ಸಮಿತಿ ಒಪ್ಪಿದೆ. ಜೇಡಿಮಣ್ಣಿನ ಪಾಠವನ್ನು ಶಿಕ್ಷಕಿ ಕಲಬುರಗಿಯಿಂದ ವಿಡಿಯೋ ಮೂಲಕ ನಡೆಸಿಕೊಡುತ್ತಾರೆ. ಬೆಂಕಿಯ ಕೆಲಸಕ್ಕೆ ಇಲ್ಲಿನ ಕಮ್ಮಾರರೊಬ್ಬರು ತಮ್ಮ ಕುಲುಮೆಯನ್ನು ತೆರೆದಿಡಲಿದ್ದಾರೆ. ಒಮ್ಮೆಗೆ ನಾಲ್ಕೇ ಮಕ್ಕಳು, ಜೊತೆಗೆ ಒಬ್ಬೊಬ್ಬ ಹಿರಿಯರು. ನಿಮ್ಮ ಮಗುವಿಗೆ ಯಾವ ಸದ್ದು, ಯಾವ ಬೆಳಕು, ಯಾವ ಮುಟ್ಟುವಿಕೆ ಆಗದು ಎಂಬುದನ್ನು ಮೊದಲೇ ತಿಳಿಸಿದರೆ ಅದಕ್ಕೆ ತಕ್ಕಂತೆ ಏರ್ಪಾಡು ಮಾಡುತ್ತೇವೆ. ಕಿಡಿ ತಾಗಿದರೆ ನೈಲಾನ್ ಕರಗಿ ಮೈಗೆ ಅಂಟುತ್ತದೆ. ಆದ್ದರಿಂದ ಹತ್ತಿಯ ಬಟ್ಟೆ, ಪೂರ್ತಿ ಪಾದ ಮುಚ್ಚುವ ಚರ್ಮದ ಬೂಟು ಹಾಕಿಸಿ ಕಳಿಸಿರಿ.

— ಸಂಪಾದಕರು